ಮೂರು ಟ್ಯಾಂಕರ್ ಹೆಪ್ಪು

ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಎಂದು ನಮ್ಮವ್ವ ಅಂಬಮ್ಮ ನನಗೆ ಸಣ್ಣವಳಿದ್ದಾಗಲೇ ಹೇಳಿಕೊಟ್ಟಿದ್ದಳು. ದೀಪ ಹಚ್ಚಿದ ಮೇಲೆ ಕೊಡಬಾರದು. ತಳದಲ್ಲಿ ಒಂದು ಚಮಚ ಉಳಿಸಿಕೊಂಡೇ ಕೊಡಬೇಕು. ಇಸಿದುಕೊಂಡವರು ಆ ಬಟ್ಟಲನ್ನು ಖಾಲಿ ವಾಪಸ್ ಕಳಿಸಬಾರದು, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳಿಸಬೇಕು. ಇಷ್ಟೇ ಕಾನೂನು. ಆದವಾನಿಯ ನಮ್ಮ ಓಣಿಯಲ್ಲಿ ಗೋಡೆಯ ಜಗಳಕ್ಕೆ ಕೋರ್ಟು ಹತ್ತಿದ ಮನೆಗಳೂ ಈ ಕಾನೂನನ್ನು ಮುರಿದದ್ದಿಲ್ಲ. ನಾನು ಅದನ್ನು ಅಡುಗೆಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗಬೇಕಿತ್ತು. ಬುದ್ಧಿ ಸಾಲದೆ ಜೊತೆಗೆ ಕಟ್ಟಿಕೊಂಡು ಹೋದೆ.

ನನ್ನ ಕೆಲಸ ಊರಿನ ಹೊಲಸು ನೀರನ್ನು ಶುದ್ಧ ಮಾಡುವುದು. ಹೆಸರು ಹೇಮಾವತಿ, ಓದಿದ್ದು ಬಿಎಸ್ಸಿ ಕೆಮಿಸ್ಟ್ರಿ. ನಮ್ಮ ಪ್ಲಾಂಟು ಊರಾಚೆ, ಹತ್ತಿ ಮಿಲ್ಲುಗಳನ್ನು ದಾಟಿದ ಮೇಲೆ ಇದೆ. ಸೀಸನ್ನಿನಲ್ಲಿ ಆ ದಾರಿಯ ಜಾಲಿಗಿಡಗಳ ಮೈತುಂಬ ಹತ್ತಿಯ ಎಳೆ. ನಾಲ್ಕಾರು ಓಣಿಗಳ ಬಚ್ಚಲು, ಕಕ್ಕಸಿನ ನೀರು ಪೈಪಿನಲ್ಲಿ ಬಂದು ನಮ್ಮ ಟ್ಯಾಂಕಿಗೆ ಬೀಳುತ್ತದೆ. ಶುದ್ಧವಾದದ್ದು ಕಾಲುವೆ ಹಿಡಿದು ಕೆಳಗಿನ ಕುಂಟೆಗೆ ಹೋಗುತ್ತದೆ. ಕುಂಟೆಯಲ್ಲಿ ಬಸವಕ್ಕ ಎಂಬಾಕೆ ಮೀನು ಸಾಕಿದ್ದಳು. ಆಕೆ ಮೀನುಮರಿ ಬಿಡುವ ಮೊದಲು ಒಂದು ಸಲ ನನ್ನ ಹತ್ತಿರ ಬಂದು, ಮರಿ ಬಿಡಬಹುದಾದಂಥ ನೀರೇನಮ್ಮಾ ಎಂದು ಕೇಳಿದ್ದಳು. ನಾನು ಆ ನೀರನ್ನೇ ಕೈಯಲ್ಲಿ ತೆಗೆದುಕೊಂಡು ಮುಖ ತೊಳೆದು ತೋರಿಸಿದ್ದೆ. ಅಷ್ಟು ಸೊಕ್ಕು ನನಗೆ.

ನೀರು ಶುದ್ಧ ಮಾಡುವವಳು ನಾನು ಎಂದದ್ದು ಸುಳ್ಳು. ಮಾಡುವವು ಬ್ಯಾಕ್ಟೀರಿಯಾಗಳು, ನಾನು ಅವುಗಳ ಆಳು. ಉಚ್ಚೆಯಲ್ಲಿರುವ ಸಾರಜನಕ ನಮ್ಮ ಟ್ಯಾಂಕಿಗೆ ಬರುವ ಹೊತ್ತಿಗೆ ಅಮೋನಿಯಾ ಆಗಿರುತ್ತದೆ. ಅದು ಮೀನಿಗೆ ವಿಷ. ಗಾಳಿ ಊದುವ ಟ್ಯಾಂಕಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಗಾಳಿ ಇಲ್ಲದ ಪಕ್ಕದ ಟ್ಯಾಂಕಿನಲ್ಲಿ ಇನ್ನೊಂದು ಜಾತಿಯವು ಆ ನೈಟ್ರೇಟನ್ನು ಒಡೆದು ಸಾರಜನಕವನ್ನು ಗುಳ್ಳೆ ಮಾಡಿ ಗಾಳಿಗೆ ಬಿಟ್ಟುಬಿಡುತ್ತವೆ. ಎರಡನೆಯವು ಹೊಟ್ಟೆಬಾಕರು, ಒಂದಿಷ್ಟು ಸಿಹಿ ಕೊಟ್ಟರೆ ಸಾಕು, ದುಡಿಯುತ್ತವೆ. ಮೊದಲನೆಯವು ಮಹಾ ಸೆಡವಿನವು. ಚಳಿಯಾದರೆ ಮುನಿಸು, ಸುಣ್ಣ ಕಡಿಮೆಯಾದರೆ ಮುನಿಸು. ಹಾಲು ಒಂದು ರಾತ್ರಿಯಲ್ಲಿ ಮೊಸರಾದರೆ ಇವು ಬೆಳೆಯಲು ವಾರಗಟ್ಟಲೆ ಬೇಕು. ಸತ್ತರೆ ಮತ್ತೆ ಮೊದಲಿನಿಂದ. ಈ ಎಲ್ಲ ಬ್ಯಾಕ್ಟೀರಿಯಾ ತುಂಬಿದ ಕಂದು ಬಣ್ಣದ ಕೆಸರಿಗೆ ನಾವು ಸ್ಲಡ್ಜ್ ಎನ್ನುತ್ತೇವೆ. ಸತ್ತ ಟ್ಯಾಂಕಿಗೆ ಜೀವ ಬರಿಸಬೇಕಾದರೆ ಬದುಕಿರುವ ಟ್ಯಾಂಕಿನಿಂದ ಸ್ಲಡ್ಜ್ ತಂದು ಹಾಕಬೇಕು. ಅದಕ್ಕೆ ಕಂಪನಿಯವರು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ. ಹೆಪ್ಪು ಎಂದು ಹೆಸರಿಟ್ಟವರು ಸಿದ್ದಲಿಂಗೇಶಣ್ಣ.

ಸಿದ್ದಲಿಂಗೇಶಣ್ಣ ನನಗೆ ಈ ವಿದ್ಯೆ ಕಲಿಸಿದವರು. ಐಟಿಐ ಮುಗಿಸಿ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು, ಆಮೇಲೆ ನಮ್ಮ ಪ್ಲಾಂಟಿಗೆ ಮೊದಲ ಆಪರೇಟರ್ ಆಗಿ ಬಂದವರು. ನಾನು ಸೇರಿದ ದಿನ ನನ್ನ ಸರ್ಟಿಫಿಕೇಟು ನೋಡಿದ್ದ ಆಗಿನ ಮ್ಯಾನೇಜರ್, ಹೆಣ್ಣುಮಗಳು ಈ ವಾಸನೆಯಲ್ಲಿ ಎಷ್ಟು ದಿನ ಇರುತ್ತಾಳೆ ನೋಡೋಣ ಎಂದಿದ್ದ. ಅಣ್ಣ ನನ್ನನ್ನು ಟ್ಯಾಂಕಿನ ಅಂಚಿಗೆ ಕರೆದುಕೊಂಡು ಹೋಗಿ ಕಣ್ಣು ಮುಚ್ಚಿ ಮೂಸು ಎಂದರು. ಮಣ್ಣಿನ ವಾಸನೆ ಬಂದರೆ ಟ್ಯಾಂಕು ಆರಾಮ, ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲದು, ಯಾವ ವಾಸನೆಯೂ ಬರದಿದ್ದರೆ ಹೆದರು ಎಂದರು. ಸೂಕ್ಷ್ಮದರ್ಶಕದಲ್ಲಿ ಗಂಟೆಯ ಆಕಾರದ ಜೀವಿಗಳನ್ನು ತೋರಿಸಿದರು. ಬ್ಯಾಕ್ಟೀರಿಯಾ ಕಣ್ಣಿಗೆ ಸಿಗದಷ್ಟು ಸಣ್ಣವು, ಈ ಗಂಟೆಗಳು ಆಡುತ್ತಿದ್ದರೆ ಅವೂ ಚೆನ್ನಾಗಿವೆ ಎಂದು ತಿಳಿ, ವಿಷ ಬಿದ್ದರೆ ಮೊದಲು ಸಾಯುವವು ಈ ಗಂಟೆಗಳು ಎಂದರು. ಪರೀಕ್ಷೆ ಮಾಡದೆ ಟ್ಯಾಂಕಿಗೆ ಗಂಗಾಜಲವನ್ನೂ ಹಾಕಬೇಡ ಎಂಬುದು ಅವರ ಮಂತ್ರ. ನಮ್ಮಪ್ಪ ತೀರಿಕೊಂಡ ವರ್ಷ ಮೂರು ವಾರ ನನ್ನ ಪಾಳಿಯನ್ನೂ ಅವರೇ ಮಾಡಿದರು. ನನಗೆ ಒಡಹುಟ್ಟಿದ ಅಣ್ಣನಿಲ್ಲ. ಇದ್ದಿದ್ದರೂ ಇಷ್ಟು ಮಾಡುತ್ತಿದ್ದನೋ ಇಲ್ಲವೋ.

ಎರಡು ವರ್ಷದ ಹಿಂದೆ ಆಲೂರು ರಸ್ತೆಯಲ್ಲಿ ನೂಲನ್ನು ಬಿಳಿ ಮಾಡುವ ಒಂದು ಫ್ಯಾಕ್ಟರಿ ಶುರುವಾಯಿತು. ಅದರ ನೀರಿನ ಪ್ಲಾಂಟಿಗೆ ಅಣ್ಣ ಇನ್‌ಚಾರ್ಜ್ ಆಗಿ ಹೋದರು. ನಮ್ಮ ಟ್ಯಾಂಕು ನನ್ನ ಕೈಗೆ ಬಂತು.

ಈ ಸಲದ ಹತ್ತಿ ಸೀಸನ್ನು ಜೋರಾಗಿದ್ದಾಗ ಒಂದು ಬೆಳಿಗ್ಗೆ ಅಣ್ಣ ಬೈಕಿನಲ್ಲಿ ನಮ್ಮ ಪ್ಲಾಂಟಿಗೆ ಬಂದರು. ಕುಡಿಯಲು ಕೊಟ್ಟ ಚಹಾ ಮುಟ್ಟಲಿಲ್ಲ. ಅವರ ಟ್ಯಾಂಕು ಸತ್ತಿತ್ತು. ಗಾಳಿ ಊದುವ ಬ್ಲೋವರ್ ಸುಟ್ಟು ಮೂರು ದಿನ ರಿಪೇರಿಯಾಗಲಿಲ್ಲ, ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತವು ಎಂದರು. ಹತ್ತು ದಿನದಲ್ಲಿ ಇನ್‌ಸ್ಪೆಕ್ಷನ್ ಇದೆ, ನೀರು ಸರಿ ಬರದಿದ್ದರೆ ಫ್ಯಾಕ್ಟರಿಗೆ ಬೀಗ, ನಲವತ್ತು ಮಂದಿ ಮನೆಗೆ ಎಂದರು.

"ಹೆಪ್ಪು ಬೇಕಾಗೈತಿ ತಂಗಿ. ಮೂರು ಟ್ಯಾಂಕರ್. ನಿನ್ನ ಬಿಟ್ರ ಯಾರನ್ನ ಕೇಳ್ಲಿ?"

ಸ್ಲಡ್ಜ್ ಹೊರಗೆ ಕೊಡಬೇಕಾದರೆ ಕಂಪನಿಯ ಒಪ್ಪಿಗೆ ಬೇಕು. ನಮ್ಮ ಮ್ಯಾನೇಜರ್ ಭಾರ್ಗವ ಅಣ್ಣ ಹೋದ ಮೇಲೆ ಸೇರಿದವನು, ಕರ್ನೂಲಿನಿಂದ ತಿಂಗಳಿಗೊಮ್ಮೆ ಬರುವವನು. ಒಂದು ಬಲ್ಬು ಬದಲಿಸಲೂ ಮೂರು ಮೇಲ್ ಕೇಳುವವನು. ಅವನ ಒಪ್ಪಿಗೆ ಬರುವಷ್ಟರಲ್ಲಿ ಅಣ್ಣನ ಫ್ಯಾಕ್ಟರಿಗೆ ಬೀಗ ಬಿದ್ದು ತುಕ್ಕು ಹಿಡಿದಿರುತ್ತಿತ್ತು. ನಾನು ಕೇಳಲೂ ಇಲ್ಲ, ರಿಜಿಸ್ಟರಿನಲ್ಲಿ ಬರೆಯಲೂ ಇಲ್ಲ. ಅವರ ಡ್ರೈವರ್ ಶ್ರೀನು ಅವತ್ತೇ ಮೂರು ಸಲ ಟ್ಯಾಂಕರ್ ತಂದು ನಿಲ್ಲಿಸಿದ. ನಾನೇ ಪಂಪು ಹಾಕಿ, ತಳದ ಗಟ್ಟಿ ಕೆಸರನ್ನೇ ಆರಿಸಿ ತುಂಬಿಸಿದೆ. ತೆಳ್ಳಗಿನದು ಕೊಟ್ಟರೆ ಅಣ್ಣನಿಗೆ ಹೆಪ್ಪು ಕೂಡುವುದು ತಡವಾಗುತ್ತದೆ ಎಂದು.

ಮರುದಿನ ಮಧ್ಯಾಹ್ನ ಶ್ರೀನು ಅದೇ ಟ್ಯಾಂಕರಿನಲ್ಲಿ ವಾಪಸ್ ಬಂದ. ಟ್ಯಾಂಕರ್ ತುಂಬಿತ್ತು. ಅಷ್ಟರಲ್ಲೇ ಅಣ್ಣನ ಫೋನು ಬಂತು. ಆಲೆಮನೆಯೊಂದರಲ್ಲಿ ಕೆಟ್ಟುಹೋದ ಬೆಲ್ಲ ಸಿಕ್ಕಿತು, ನೀರಲ್ಲಿ ಕದಡಿ ಕಳಿಸಿದ್ದೇನೆ, ನಿನ್ನ ಗಾಳಿಯಿಲ್ಲದ ಟ್ಯಾಂಕಿನ ಹೊಟ್ಟೆಬಾಕರಿಗೆ ಹಬ್ಬ ಆಗುತ್ತದೆ ಎಂದರು. ನಗುತ್ತ ಇನ್ನೊಂದು ಮಾತು ಸೇರಿಸಿದರು.

"ಹೆಪ್ಪಿನ ಬಟ್ಲ ಖಾಲಿ ಕಳಸಬಾರದಲ್ಲ."

ಸಿಹಿ ಹಾಕಿದರೆ ಅವು ಚುರುಕಾಗುತ್ತವೆ ಎಂದು ನನಗೆ ಕಲಿಸಿದ್ದೂ ಅವರೇ. ಟ್ಯಾಂಕರಿನ ಮುಚ್ಚಳ ತೆಗೆದರೆ ಘಮ್ಮೆಂದು ಬೆಲ್ಲದ ಹುಳಿ ವಾಸನೆ. ನನ್ನ ಕಣ್ಣು ತುಂಬಿ ಬಂತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಇಂಥ ಆತಂಕದಲ್ಲೂ ನಮ್ಮ ಓಣಿಯ ರೀತಿ ಮರೆತಿಲ್ಲವಲ್ಲ ಮನುಷ್ಯ ಎಂದುಕೊಂಡೆ. ಎರಡು ದಿನದಲ್ಲಿ ಮೂರು ಟ್ಯಾಂಕರ್ ಬಂದವು. ಮೂರನ್ನೂ ನಾನೇ ಪೈಪು ಹಿಡಿದು ಟ್ಯಾಂಕಿಗೆ ಬಿಟ್ಟೆ. ಪರೀಕ್ಷೆ ಮಾಡಲಿಲ್ಲ. ಪಕ್ಕದ ಮನೆಯವರು ಬಟ್ಟಲಲ್ಲಿ ಹಾಕಿ ಕೊಟ್ಟ ಬೆಲ್ಲವನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಓದುವವರಿಗೆ ಇಷ್ಟರಲ್ಲೇ ತಿಳಿದಿರುತ್ತದೆ. ನನಗೆ ತಿಳಿಯಲು ಒಂಬತ್ತು ದಿನ ಬೇಕಾಯಿತು.

ಅಮೋನಿಯಾ ನೋಡುವುದು ಸುಲಭ. ಪ್ರನಾಳದಲ್ಲಿ ನೀರು ಹಾಕಿ ಮದ್ದಿನ ಹನಿ ಬಿಟ್ಟರೆ ಹಳದಿಯಾಗುತ್ತದೆ, ಅಮೋನಿಯಾ ಹೆಚ್ಚಿದ್ದಷ್ಟೂ ಬಣ್ಣ ಗಾಢ. ನಮ್ಮದು ಯಾವಾಗಲೂ ನಿಂಬೆಹಣ್ಣಿನ ಸಿಪ್ಪೆಯಷ್ಟು ತೆಳು, ಲೆಕ್ಕದಲ್ಲಿ ಎರಡು. ಬೆಲ್ಲದ ನೀರು ಹಾಕಿದ ಮೂರನೆಯ ದಿನಕ್ಕೆ ಒಂಬತ್ತಾಯಿತು. ಐದನೆಯ ದಿನ ಇಪ್ಪತ್ತಾರು. ಏಳನೆಯ ದಿನ ಪ್ರನಾಳದಲ್ಲಿ ಇಟ್ಟಿಗೆಯ ಕೆಂಪು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಒಂದು ಗಂಟೆಯೂ ಆಡುತ್ತಿರಲಿಲ್ಲ. ಟ್ಯಾಂಕಿನ ಅಂಚಿಗೆ ಹೋಗಿ ಕಣ್ಣು ಮುಚ್ಚಿ ಮೂಸಿದೆ. ಯಾವ ವಾಸನೆಯೂ ಬರಲಿಲ್ಲ.

ನಾನು ಯಾರಿಗೆ ಫೋನು ಮಾಡಿದೆ ಹೇಳಿ. ಅವರಿಗೇ. ದಿನಕ್ಕೆ ಎರಡು ಸಲ. ಅವರು ಸಮಾಧಾನದಿಂದ ಕೇಳಿಸಿಕೊಂಡು, ಚಳಿ ಇದ್ದೀತು, ಸುಣ್ಣ ಹೆಚ್ಚಿಸು ಎಂದರು. ಹೆಚ್ಚಿಸಿದೆ. ಗಾಳಿ ಜಾಸ್ತಿ ಮಾಡು ಎಂದರು. ಮಾಡಿದೆ. ಊರಲ್ಲಿ ಯಾರೋ ಮೋರಿಗೆ ಏನೋ ಸುರಿದಿರಬೇಕು, ಮೇಲಿನಿಂದ ಹುಡುಕಿಕೊಂಡು ಬಾ ಎಂದರು. ನಾನು ಬಿಸಿಲಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎತ್ತಿಸುತ್ತ ಎರಡು ದಿನ ಓಣಿ ಓಣಿ ತಿರುಗಿದೆ. ಬೀಡಿ ಸೇದುತ್ತ ಕೂತಿದ್ದ ಮುದುಕರು ಏನು ಕಳೆದುಕೊಂಡೆಯಮ್ಮಾ ಎಂದು ಕೇಳಿದರು. ಬರುವ ನೀರಿನಲ್ಲಿ ಯಾವ ದೋಷವೂ ಇರಲಿಲ್ಲ.

ಎಂಟನೆಯ ದಿನ ಬಸವಕ್ಕ ಬಂದಳು. ತಲೆಯ ಮೇಲಿದ್ದ ಬುಟ್ಟಿಯನ್ನು ಗೇಟಿನ ಎದುರು ಇಳಿಸಿ ಮೇಲಿನ ಗೋಣಿ ತೆಗೆದಳು. ಅಂಗೈ ಉದ್ದದ ಮೀನುಗಳು, ಎಲ್ಲ ಸತ್ತವು. ಆಕೆ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ನೀ ಮಾರಿ ತೊಳಕೊಂಡಿದ್ದಿ ಅಂತ ಮರಿ ಬಿಟ್ಟಿದ್ನೆವ್ವಾ," ಎಂದಳು. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು.

ಮರುದಿನ ಆಲೂರು ರಸ್ತೆಯ ಚಹಾದಂಗಡಿಯಲ್ಲಿ ಶ್ರೀನು ಕಂಡ. ಗ್ಲಾಸನ್ನು ಎರಡೂ ಕೈಯ ಬೆರಳ ತುದಿಯಲ್ಲಿ ಹಿಡಿದು ಊದಿ ಊದಿ ಕುಡಿಯುತ್ತಿದ್ದ. ಅಂಗೈಯ ಚರ್ಮ ಹಾಳೆ ಹಾಳೆಯಾಗಿ ಸುಲಿದಿತ್ತು. ಏನಾಯಿತೋ ಎಂದೆ.

"ಆ ಟ್ಯಾಂಕಿನ್ಯಾಗ ಬೆಲ್ಲ ಕಲಸಿದ್ನಲ್ಲಕ್ಕಾ, ಅದಕ್ಕ. ವಾಸನ ಮಂದು ಹಾಕಿದ್ರಲ್ಲ ಮೊದ್ಲಽ ಅದಕ್ಕ," ಎಂದ.

ವಾಸನೆಯ ಮದ್ದು. ಶ್ರೀನುವಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನಾದರೂ ಇದೆ ಎಂದೇ ಗೊತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಹೇಳಿದ. ಮಾಲೀಕರ ಮನೆಗೆ ಮಗಳನ್ನು ನೋಡಲು ಬೀಗರು ಬರುವವರಿದ್ದರಂತೆ. ಫ್ಯಾಕ್ಟರಿ ತೋರಿಸುವಾಗ ನಾರಬಾರದು ಎಂದು ಮಾಲೀಕರು ಹುಳ ಕೊಲ್ಲುವ ಮದ್ದಿನ ಡ್ರಮ್ಮುಗಳನ್ನು ತರಿಸಿ ಟ್ಯಾಂಕಿಗೆ ಸುರಿಸಿದರಂತೆ. ವಾಸನೆ ನಿಂತಿತು, ಟ್ಯಾಂಕೂ ಸತ್ತಿತು. ಬ್ಲೋವರ್ ಸುಟ್ಟಿರಲೇ ಇಲ್ಲ. ಹೊಸ ಹೆಪ್ಪು ಹಾಕಬೇಕಾದರೆ ಆ ಮದ್ದಿನ ನೀರನ್ನು ಎಲ್ಲಾದರೂ ಚೆಲ್ಲಲೇಬೇಕು. ಅದಕ್ಕೆ ನನ್ನ ಹೆಪ್ಪನ್ನು ಪಕ್ಕದ ತೊಟ್ಟಿಯಲ್ಲಿ ಇಳಿಸಿಟ್ಟು, ಮದ್ದಿನ ನೀರಿಗೆ ಬೆಲ್ಲ ಕದಡಿ ಟ್ಯಾಂಕರಿಗೆ ತುಂಬಿಸಿದರು. ಚೆಲ್ಲಲು ಜಾಗ ಸಿಕ್ಕಿತ್ತು.

ನಾನು ಶ್ರೀನುವಿನ ಮಾತನ್ನು ನಂಬಲಿಲ್ಲ. ನಂಬಬಾರದು ಎಂದು ಹಟ ಹಿಡಿದೆ. ಅಂಗಡಿಯ ಎದುರು ನಿಲ್ಲಿಸಿದ್ದ ಟ್ಯಾಂಕರಿನ ವಾಲ್ವಿನ ಪೈಪಿನಲ್ಲಿ ಆ ನೀರು ಇನ್ನೂ ಒಂದಿಷ್ಟು ನಿಂತಿತ್ತು, ಅದನ್ನು ಒಂದು ನೀರಿನ ಬಾಟಲಿಗೆ ಹಿಡಿದುಕೊಂಡೆ. ಪರೀಕ್ಷೆ ಮಾಡಲು ಬದುಕಿರುವ ಬ್ಯಾಕ್ಟೀರಿಯಾ ಬೇಕು, ನನ್ನ ಟ್ಯಾಂಕಿನಲ್ಲಿ ಬದುಕಿದ್ದು ಏನೂ ಇರಲಿಲ್ಲ. ಮನೆಗೆ ಹೋಗಿ ಅವ್ವನ ಹತ್ತಿರ ಉಗುರುಬೆಚ್ಚಗಿನ ಹಾಲು ಕೇಳಿದೆ. ಎರಡು ಬಟ್ಟಲಿಗೆ ಸಮನಾಗಿ ಹಾಕಿ, ಎರಡಕ್ಕೂ ಅವ್ವನ ಗಡಿಗೆಯ ಹೆಪ್ಪು ಹಾಕಿ, ಒಂದಕ್ಕೆ ಮಾತ್ರ ಬಾಟಲಿಯ ನೀರನ್ನು ಅರ್ಧ ಚಮಚ ಬಿಟ್ಟೆ. ಹಾಲಿಗೆ ಇದೇನು ಹೊಲಸು ಹಾಕುತ್ತೀ ಎಂದು ಅವ್ವ ಬೈದಳು. ನಂತರ ನನ್ನ ಮುಖ ನೋಡಿ ಎರಡೂ ಬಟ್ಟಲಿಗೆ ತಟ್ಟೆ ಮುಚ್ಚಿದಳು.

ಬೆಳಿಗ್ಗೆ ಒಂದು ಬಟ್ಟಲಲ್ಲಿ ಮೊಸರು ಗಟ್ಟಿಯಾಗಿ ಕೂತಿತ್ತು. ಇನ್ನೊಂದರಲ್ಲಿ ಹಾಲು ಹಾಲಾಗಿಯೇ ಇತ್ತು, ಹಾಕಿದ ಹೆಪ್ಪು ಬಿಳಿಯ ಚೂರಾಗಿ ತಳದಲ್ಲಿ ಬಿದ್ದಿತ್ತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಟ್ಯಾಂಕು ಸತ್ತದ್ದಕ್ಕಲ್ಲ. ಮೂರೂ ಸಲ ಪೈಪು ಹಿಡಿದದ್ದು ನನ್ನ ಕೈ, ಹಿಡಿಯುವಾಗ ಕಣ್ಣು ತುಂಬಿಕೊಂಡಿದ್ದವಳೂ ನಾನೇ.

ಅವತ್ತೇ ಫ್ಯಾಕ್ಟರಿಗೆ ಹೋದೆ. ಅವರ ಟ್ಯಾಂಕು ಕುದಿಯುವಂತೆ ಗಾಳಿ ಉಗುಳುತ್ತಿತ್ತು. ಮಳೆ ಬಿದ್ದ ಎರೆಹೊಲದ ವಾಸನೆ. ನನ್ನ ಬ್ಯಾಕ್ಟೀರಿಯಾ ಅಲ್ಲಿ ಸುಖವಾಗಿದ್ದವು. ಹಿಂದಿನ ದಿನವೇ ಇನ್‌ಸ್ಪೆಕ್ಷನ್ ಮುಗಿದು ಎಲ್ಲ ಪಾಸಾಗಿತ್ತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ಅದುವರೆಗೆ ನಾನು ಬೇರೆಯವರಿಗೆ ಹೇಳುತ್ತಿದ್ದೆ. ಅಣ್ಣ ನನ್ನನ್ನು ದೂರದಿಂದಲೇ ನೋಡಿ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಕೈ ಒರೆಸಿಕೊಂಡರು. ನಾನು ಮೊಸರಿನ ವಿಷಯ ಹೇಳಿದೆ. ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆಯುತ್ತಾರೆ ಎಂಬ ಆಸೆಯನ್ನು ನಾನು ಅಲ್ಲಿಯವರೆಗೂ ಹೊತ್ತುಕೊಂಡು ಹೋಗಿದ್ದೆ.

"ಹಳ್ಳಕ್ಕ ಬಿಟ್ರ ದನ ಸಾಯ್ತಿದ್ವು. ನಿನ್ನ ಟ್ಯಾಂಕ್ ದೊಡ್ಡದೈತಿ, ಅರಗಿಸ್ಕೊಂತೈತಿ ಅನ್ಕೊಂಡೆ," ಎಂದರು.

"ಒಂದು ಮಾತು ಹೇಳಬೇಕಿತ್ತಲ್ಲರಿ ಅಣ್ಣಾ. ಹನಿ ಹನಿ ಬಿಡ್ತಿದ್ದೆ. ಒಂದು ತಿಂಗಳು ಹಿಡಿದ್ರೂ ಬಿಡ್ತಿದ್ದೆ."

"ಹೇಳಿದ್ರ ನೀ ಇಸ್ಕೊಂತಿದ್ದಿಲ್ಲ."

"ಅದಕ್ಕ ಬೆಲ್ಲ ಹಾಕಿ ಕಳಿಸಿದ್ರಿ?"

ಅವರು ಸ್ಪ್ಯಾನರ್ ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನೀ ಪರೀಕ್ಷೆ ಮಾಡ್ತಿ ಅನ್ಕೊಂಡಿದ್ದೆ. ನಾ ನಿನಗ ಕಲಿಸಿದ್ದು ಅದನ್ನಽ ಅಲ್ಲೇನು?"

ಕೆಟ್ಟ ಮನುಷ್ಯನೊಬ್ಬ ಹೀಗಂದಿದ್ದರೆ ಉಗಿದು ಬರುತ್ತಿದ್ದೆ. ಇವರು ನಿಜವಾಗಿ ಬೇಸರದಿಂದ ಅಂದರು, ಪಾಠ ಒಪ್ಪಿಸಲಾರದ ಶಿಷ್ಯೆಯ ಮೇಲೆ ಮೇಷ್ಟ್ರು ಬೇಸರ ಮಾಡಿಕೊಂಡಂತೆ. ಮೋಸ ಮಾಡಿದ್ದು ಅವರು, ತಪ್ಪಿದ್ದು ನಾನು. ಜಗತ್ತಿನಲ್ಲಿ ಯಾರು ಏನು ಕಳಿಸಿದ್ದರೂ ನಾನು ಪರೀಕ್ಷೆ ಮಾಡುತ್ತಿದ್ದೆ. ಮಾಡದೆ ಬಿಟ್ಟದ್ದು ಅವರೊಬ್ಬರದನ್ನು. ಅದೂ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಬೆಲ್ಲಕ್ಕೆ ಯಾಕೆ ಖರ್ಚು ಮಾಡುತ್ತಿದ್ದರು?

ಅಷ್ಟರಲ್ಲಿ ಬಸವಕ್ಕನ ಮೀನಿನ ಸುದ್ದಿ ಕರ್ನೂಲಿಗೆ ಮುಟ್ಟಿತ್ತು. ಮರುದಿನ ಭಾರ್ಗವ ಕಾರಿನಲ್ಲಿ ಬಂದಿಳಿದ. ಆದವಾನಿಯಲ್ಲಿ ಟ್ಯಾಂಕಿಗೆ ರೋಗ ಬಂದರೆ ಯಾರನ್ನು ಕರೆಸುತ್ತಾರೆ ಎಂದು ವಿಚಾರಿಸಿ, ತಾನೇ ಸಿದ್ದಲಿಂಗೇಶಣ್ಣನಿಗೆ ಫೋನು ಮಾಡಿ ಕರೆಸಿದ್ದ. ಅಣ್ಣ ಬೈಕಿನಿಂದಿಳಿದು ನೇರ ಟ್ಯಾಂಕಿನ ಅಂಚಿಗೆ ಹೋದರು. ನನ್ನ ಕಡೆ ನೋಡಲಿಲ್ಲ. ಒಂದು ಲೋಟ ನೀರು ಎತ್ತಿ ಬೆಳಕಿಗೆ ಹಿಡಿದು ಮೂಸಿ, ಅಂಗೈಗೆ ಸುರಿದುಕೊಂಡು ಉಜ್ಜಿ ನೋಡಿದರು. ಆ ಕೈಗಳ ಮೇಲೆ ನನಗೆ ಎಷ್ಟು ಭಕ್ತಿ ಇತ್ತೆಂದರೆ, ಆ ಗಳಿಗೆಯಲ್ಲೂ ಅವರು ನಿಜವನ್ನೇ ಹೇಳುತ್ತಾರೆ ಎಂದುಕೊಂಡೆ.

"ಗಾಳಿ ಸಾಲಿಲ್ಲ ಸರ್. ಬ್ಲೋವರ್ ಬಂದ್ ಮಾಡಿರಬೇಕು," ಎಂದರು.

ಆಮೇಲೆ, ನಮ್ಮ ಫ್ಯಾಕ್ಟರಿಯಲ್ಲಿ ಒಳ್ಳೆಯ ಸ್ಲಡ್ಜ್ ಇದೆ, ಬೇಕಾದರೆ ಮೂರು ಟ್ಯಾಂಕರ್ ಕೊಡುತ್ತೇನೆ ಎಂದರು. ಭಾರ್ಗವನಿಗೆ ದೇವರೇ ಬೈಕಿನಲ್ಲಿ ಬಂದಷ್ಟು ಸಂತೋಷವಾಯಿತು.

ನಾನು ಬಾಯಿ ಬಿಟ್ಟೆ. ಹೆಪ್ಪು ಕೊಟ್ಟದ್ದು, ಬೆಲ್ಲದ ನೀರು ಇಸಿದುಕೊಂಡದ್ದು, ವಾಸನೆಯ ಮದ್ದು, ಎಲ್ಲ ಹೇಳಿದೆ. ಒಪ್ಪಿಗೆ ಇಲ್ಲದೆ ಕೊಟ್ಟದ್ದು ನನ್ನ ತಪ್ಪು ಎಂದೂ ಹೇಳಿದೆ. ಭಾರ್ಗವ ರಿಜಿಸ್ಟರ್ ತೋರಿಸು ಎಂದ. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬಂದ ನೀರಿನ ಸ್ಯಾಂಪಲ್ ಎಲ್ಲಿ ಎಂದ. ಬಾಟಲಿಯ ತಳದಲ್ಲಿ ಉಳಿದದ್ದನ್ನು ಎತ್ತಿ ಹಿಡಿದೆ. ಅದು ಆ ಟ್ಯಾಂಕರಿನದೇ ಎನ್ನಲು ಸಹಿ ಎಲ್ಲಿ, ಸಾಕ್ಷಿ ಯಾರು ಎಂದ. ಶ್ರೀನುವನ್ನು ಕರೆಸಿದರೆ ಅವನು ಮಾಲೀಕರ ಹೆಸರು ಕೇಳಿಯೇ ಅಂಗೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ತನಗೇನೂ ಗೊತ್ತಿಲ್ಲ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಮೂರು ಮಕ್ಕಳು. ಕೊನೆಗೆ ನನ್ನ ಹತ್ತಿರ ಉಳಿದದ್ದು ಮೊಸರಿನ ಪರೀಕ್ಷೆ. ಅದನ್ನೂ ಹೇಳಿದೆ. ಭಾರ್ಗವನಿಗೆ ನಗು ತಡೆಯಲಾಗಲಿಲ್ಲ.

"ಪೆರುಗು ತೋಡುಕೋಲೇದನಿ ರಿಪೋರ್ಟು ರಾಯಮಂಟಾವಾ ಅಮ್ಮಾ?"

ಮೊಸರು ಹೆಪ್ಪಾಗಲಿಲ್ಲ ಎಂದು ರಿಪೋರ್ಟು ಬರೆಯಲೇ ಎಂದು ಅವನ ಪ್ರಶ್ನೆ. ಕಾರಿನ ಡ್ರೈವರ್ ನಕ್ಕ, ಗೇಟಿನವನು ನಕ್ಕ. ಸಿದ್ದಲಿಂಗೇಶಣ್ಣ ನಗಲಿಲ್ಲ. ಆ ಪರೀಕ್ಷೆ ಎಷ್ಟು ಸರಿಯಾದದ್ದು ಎಂದು ಅಲ್ಲಿದ್ದವರಲ್ಲಿ ಅವರೊಬ್ಬರಿಗೆ ಗೊತ್ತಿತ್ತು. ಒಂದು ಮಾತು ಅಂದಿದ್ದರೆ ಸಾಕಿತ್ತು. ಅವರು ಬಗ್ಗಿ ಚಪ್ಪಲಿಯ ಕೆಸರು ಒರೆಸಿಕೊಂಡರು.

ನಾನು ಹೇಳಿದ್ದರಲ್ಲಿ ಅರ್ಧಕ್ಕೆ ಸಾಕ್ಷಿ ಇರಲಿಲ್ಲ. ಉಳಿದರ್ಧಕ್ಕೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ, ನಾನೇ ಒಪ್ಪಿಕೊಂಡಿದ್ದೆ. ಕಂಪನಿಯ ವಸ್ತುವನ್ನು ಒಪ್ಪಿಗೆ ಇಲ್ಲದೆ ಹೊರಗೆ ಸಾಗಿಸಿದ್ದಕ್ಕೆ, ಬ್ಲೋವರ್ ನಿಲ್ಲಿಸಿ ಟ್ಯಾಂಕು ಕೆಡಿಸಿದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಹೊಸ ಸ್ಲಡ್ಜ್ ಹಾಕಿ ಮುಗಿಯುವವರೆಗೆ ಎರಡು ದಿನ ಇರು ಎಂದರು. ಯಾವ ವಾಲ್ವು ಎಷ್ಟು ತಿರುಗಿಸಬೇಕು ಎಂದು ಬೇರೆ ಯಾರಿಗೂ ಗೊತ್ತಿರಲಿಲ್ಲವಲ್ಲ.

ಇರಬಾರದಿತ್ತು, ಅವ್ವನೂ ಬೇಡ ಎಂದಳು. ಆದರೆ ಟ್ಯಾಂಕು ಸತ್ತು ಬಿದ್ದಿತ್ತು, ಕುಂಟೆಗೆ ದಿನವೂ ವಿಷ ಹೋಗುತ್ತಿತ್ತು. ಬಸವಕ್ಕನ ಎಮ್ಮೆಗಳೂ ಅದೇ ನೀರಿಗೆ ಇಳಿಯುತ್ತಿದ್ದವು. ನಾನು ಇದ್ದೆ. ಮೊದಲು ಹಳೆಯ ನೀರನ್ನು ಕಾಲುವೆಗೆ ಬಿಡದೆ ಖಾಲಿ ಹೊಂಡಕ್ಕೆ ತಿರುಗಿಸಿ ತಡೆದೆ. ಟ್ಯಾಂಕು ತೊಳೆಸಿದೆ. ಎರಡನೆಯ ದಿನ ಮಧ್ಯಾಹ್ನ ಟ್ಯಾಂಕರ್ ಬಂತು, ಹಿಂದೆ ಬೈಕಿನಲ್ಲಿ ಅವರು. ನಾನು ಪೈಪು ಜೋಡಿಸಲು ಬಿಡಲಿಲ್ಲ. ಮೊದಲು ಲೋಟದಲ್ಲಿ ತೆಗೆದು ಮೂಸಿದೆ. ಆಮೇಲೆ ಪ್ರನಾಳ, ಆಮೇಲೆ ಸೂಕ್ಷ್ಮದರ್ಶಕ. ನಂತರ ಗಾಜಿನ ಜಾಡಿಯಲ್ಲಿ ಅಮೋನಿಯಾ ನೀರಿನೊಂದಿಗೆ ಬೆರೆಸಿ, ಗಾಳಿ ಊದಿಸಿ, ಇಳಿಯುತ್ತದೋ ಇಲ್ಲವೋ ಎಂದು ಗಂಟೆಗಟ್ಟಲೆ ಕಾದೆ. ಅಷ್ಟು ಹೊತ್ತೂ ಅವರು ನೆರಳಿಲ್ಲದ ಅಂಗಳದಲ್ಲಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ.

ಗಂಟೆಗಳು ಆಡುತ್ತಿದ್ದವು. ಹಳದಿ ತೆಳುವಾಗುತ್ತ ಬಂತು. ದೋಷವಿರಲಿಲ್ಲ.

ಬಿಡಿ ಎಂದು ಶ್ರೀನುವಿಗೆ ಕೈ ಮಾಡಿದೆ. ಅವರು ನನ್ನ ಪಕ್ಕದಲ್ಲಿ ಬಂದು ನಿಂತು, ಕಂದು ಕೆಸರು ಟ್ಯಾಂಕಿಗೆ ಇಳಿಯುವುದನ್ನು ನೋಡುತ್ತ ಮೆಲ್ಲಗೆ ಹೇಳಿದರು.

"ಈಗ ಕಲಿತಿ ನೋಡು."

ಬೀಗದ ಕೈಗಳನ್ನು ಗೇಟಿನವನಿಗೆ ಕೊಟ್ಟು, ಜಾಡಿ ತೊಳೆದಿಟ್ಟು, ಆಟೋ ಹತ್ತಿ ಮನೆಗೆ ಬಂದೆ. ಈಗ ಸ್ಟೇಷನ್ ರಸ್ತೆಯ ಒಂದು ಔಷಧಿ ಅಂಗಡಿಯಲ್ಲಿ ಕೂರುತ್ತೇನೆ. ನಮ್ಮ ಪ್ಲಾಂಟಿಗೆ ಸಿದ್ದಲಿಂಗೇಶಣ್ಣನನ್ನೇ ಸಲಹೆಗಾರರನ್ನಾಗಿ ನೇಮಿಸಿದ್ದಾರೆ, ವಾರಕ್ಕೆ ಎರಡು ದಿನ ಹೋಗಿ ನೋಡಿ ಬರುತ್ತಾರೆ. ಬಸವಕ್ಕ ದಾರಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಆಚೆ ಬದಿಗೆ ಹೋಗುತ್ತಾಳೆ. ಮಾರಿ ತೊಳೆದುಕೊಂಡು ತೋರಿಸಿದವಳು ನಾನೇ ತಾನೆ, ಆಕೆಯ ಲೆಕ್ಕದಲ್ಲಿ ಮೋಸ ಮಾಡಿದವಳೂ ನಾನೇ.

ಕಳೆದ ವಾರ ಅಂಗಡಿಯಲ್ಲಿ ಗಿರಾಕಿಗಳಿದ್ದಾಗ ಫೋನು ಬಂತು. ಅವರ ಹೆಸರು ನೋಡಿ ಎತ್ತಬಾರದು ಎಂದುಕೊಂಡೇ ಎತ್ತಿದೆ.

"ಅಮೋನಿಯಾ ಎರಡಕ್ಕ ಇಳಿದೈತಿ ತಂಗಿ," ಎಂದರು. "ನಿನಗ ಹೇಳಬೇಕನಿಸ್ತು."

ಫೋನು ಇಟ್ಟೆ. ಎದುರಿಗೆ ನಿಂತಿದ್ದ ಮುದುಕಿ, ಏನವ್ವಾ ಒಬ್ಬಳೇ ನಗುತ್ತೀ ಎಂದಳು. ಆಗಲೇ ತಿಳಿದದ್ದು ನಾನು ನಗುತ್ತಿದ್ದೇನೆಂದು. ಕೆಲಸ ಕಳೆದದ್ದನ್ನು ಎಂದಾದರೂ ಮರೆತೇನು. ಆ ಸುದ್ದಿ ಕೇಳಿ ನನಗೆ ಸಂತೋಷವಾಗುತ್ತದೆ ಎಂದು ಅವರಿಗೆ ಗೊತ್ತಿತ್ತಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ.